ಲಾರಿಗಿಂತ ದೊಡ್ಡ ಗಂಟಲಿನ ನಮ್ಮಕ್ಕ

ನಮ್ಮ ಅಕ್ಕ ಫೋನ್ ಮಾಡಿದಾಗ ಫೋನನ್ನು ಕಿವಿಯ ಹತ್ತಿರ ಹಿಡಿಯಬಾರದು. ಇದು ನಮ್ಮ ಕುಟುಂಬದಲ್ಲಿ ಎಳೆ ಮಕ್ಕಳಿಗೂ ಗೊತ್ತಿರುವ ಆರೋಗ್ಯಸೂತ್ರ. ಫೋನನ್ನು ಮೇಜಿನ ಮೇಲಿಟ್ಟು ನೀವು ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಬಹುದು, ಬಾಲ್ಕನಿಗೆ ಹೋಗಿ ಬಟ್ಟೆ ಒಣಹಾಕಬಹುದು, ಬೇಕಾದರೆ ಸ್ನಾನವನ್ನೂ ಮುಗಿಸಿಕೊಂಡು ಬರಬಹುದು. ಒಂದಕ್ಷರವೂ ತಪ್ಪಿಹೋಗುವುದಿಲ್ಲ. ಸ್ಪೀಕರ್ ಹಾಕುವ ಸಾಹಸ ಮಾತ್ರ ಮಾಡಬೇಡಿ. ನಾನೊಮ್ಮೆ ಗೊತ್ತಿಲ್ಲದೆ ಹಾಕಿದೆ, ಕೆಳಗಿನ ಮನೆಯವರ ನಾಯಿ ಆ ದಿನ ಊಟ ಮಾಡಲಿಲ್ಲ!

ನಾನು ಉಡುಪಿಯಲ್ಲಿ ಫ್ಲ್ಯಾಟಿನಲ್ಲಿರುವವಳು. ಒಂದು ಬೆಳಿಗ್ಗೆ ಪಕ್ಕದ ಮನೆಯ ಹೆಂಗಸು ಹಾಲು ತರಲು ಹೊರಟವರು ನನ್ನನ್ನು ನಿಲ್ಲಿಸಿ, “ನಿಮ್ಮ ಅಕ್ಕನ ಶಾಲೆಗೆ ಹೊಸ ಹೆಡ್‌ಮಾಸ್ಟ್ರು ಬಂದ್ರಂತಲ್ವಾ? ಪಾಪದವರಂತೆ,” ಎಂದರು.

“ಹೌದು. ನಿಮ್ಗೆ ಯಾರು ಹೇಳಿದ್ದು?”

“ನಿಮ್ಮ ಅಕ್ಕನೇ. ನಿನ್ನೆ ನಿಮ್ಗೆ ಫೋನ್ ಮಾಡಿದ್ರಲ್ಲ, ಆಗ.”

ನಡುವೆ ಇದ್ದದ್ದು ಒಂದು ಗೋಡೆ. ಅದು ಪಾಪ, ಏನು ಮಾಡೀತು?

ಅಕ್ಕ ಟೀಚರು. ಸರ್ಕಾರಿ ಪ್ರಾಥಮಿಕ ಶಾಲೆ. ಕಾಪು ದಾಟಿ ಹೆಜಮಾಡಿಯ ಕಡೆಗೆ ಹೋಗುವಾಗ ಹೆದ್ದಾರಿಗೆ ಅಂಟಿಕೊಂಡೇ ಇದೆ. ಮೊದಲು ಅಂಟಿಕೊಂಡಿರಲಿಲ್ಲ. ರಸ್ತೆಗೂ ಶಾಲೆಗೂ ನಡುವೆ ಆಟದ ಬಯಲು ಇತ್ತು, ನಾಲ್ಕಾರು ಗಾಳಿಮರ ಇದ್ದವು. ರಸ್ತೆ ಅಗಲವಾಗಿ ಬಯಲನ್ನೂ ಮರಗಳನ್ನೂ ನುಂಗಿ ಶಾಲೆಯ ಜಗಲಿಗೆ ಬಂದು ನಿಂತಿತು. ಈಗ ತರಗತಿಯ ಕಿಟಕಿಯಿಂದ ಕೈ ಚಾಚಿದರೆ ಲಾರಿಗೆ ಟಾಟಾ ಮಾಡಬಹುದು, ಇನ್ನೊಂದಿಷ್ಟು ಚಾಚಿದರೆ ಕೈಯನ್ನೇ ಕೊಟ್ಟುಬಿಡಬಹುದು! ಗ್ಯಾಸ್ ಟ್ಯಾಂಕರ್, ಮೀನಿನ ಲಾರಿ, ಕಬ್ಬಿಣದ ಟ್ರೈಲರ್, ಎಲ್ಲ ಅಲ್ಲೇ ಹೋಗಬೇಕು. ಟೀಚರುಗಳ ಹುದ್ದೆ ಖಾಲಿ ಇರುವುದರಿಂದ ನಾಲ್ಕನೆಯ ಮತ್ತು ಐದನೆಯ ತರಗತಿಗೆ ಒಂದೇ ಕೋಣೆ, ಎರಡಕ್ಕೂ ನಮ್ಮ ಅಕ್ಕನೇ. ಎಡಕ್ಕೆ ತಿರುಗಿದರೆ ಗಣಿತ, ಬಲಕ್ಕೆ ತಿರುಗಿದರೆ ಪರಿಸರ ಅಧ್ಯಯನ, ಬೆನ್ನ ಹಿಂದೆ ರಾಷ್ಟ್ರೀಯ ಹೆದ್ದಾರಿ. ಇಷ್ಟೆಲ್ಲ ಇದ್ದ ಮೇಲೆ ಕೋಗಿಲೆಯ ಕಂಠ ಇಟ್ಟುಕೊಂಡು ಮಾಡುವುದೇನು? ಅಕ್ಕ ಲಾರಿಯ ಹಾರ್ನಿಗಿಂತ ಒಂದು ಶ್ರುತಿ ಮೇಲೆ ತನ್ನ ದನಿಯನ್ನು ಕಟ್ಟಿಕೊಂಡಳು.

ದೊಡ್ಡ ಟ್ರೈಲರ್‌ಗಳಿಗೆ ಮಾತ್ರ ಅವಳೂ ಸೋಲುತ್ತಿದ್ದಳು. ಆಗ ಮಾತನ್ನು ಅರ್ಧದಲ್ಲಿ ನಿಲ್ಲಿಸಿ, ತೋರುಬೆರಳು ಮೇಲೆತ್ತಿ, ಟ್ರೈಲರ್ ಹೋಗುವವರೆಗೆ ಕಲ್ಲಿನಂತೆ ನಿಂತು, ಮತ್ತೆ ಬಿಟ್ಟಲ್ಲಿಂದಲೇ ಶುರುಮಾಡುವುದು. ತರಗತಿಯಲ್ಲಿ ಇದು ಒಳ್ಳೆಯ ಉಪಾಯವೇ. ಆದರೆ ವರ್ಷಗಟ್ಟಲೆ ಮಾಡಿ ಮಾಡಿ ಅಕ್ಕನಿಗೆ ಅದು ಅಂಟಿಕೊಂಡುಬಿಟ್ಟಿತು. ಲಾರಿಯೇ ಇಲ್ಲದಲ್ಲಿಯೂ, ಎಲ್ಲೆಂದರಲ್ಲಿ, ಯಾರೆದುರೆಂದರೆ ಅವರೆದುರು, ಮಾತಿನ ಮಧ್ಯೆ ಬೆರಳೆತ್ತಿ ನಿಂತುಬಿಡುತ್ತಿದ್ದಳು!

ಕಾರ್ಕಳದಲ್ಲಿ ನಮ್ಮ ಸಂಬಂಧಿಕರೊಬ್ಬರ ಮಗಳಿಗೆ ಗಂಡು ನೋಡಿದ್ದರು. ಹುಡುಗ ಅಕ್ಕನ ಶಾಲೆಯಲ್ಲಿ ಓದಿದವನು, ಈಗ ದುಬೈಯಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಹುಡುಗಿಯ ತಾಯಿ ಅಕ್ಕನನ್ನು ಮೂಲೆಗೆ ಕರೆದು, “ನಿಮ್ಗೆ ಸಣ್ಣದಿಂದ ಗೊತ್ತುಂಟಲ್ಲ, ಹುಡುಗ ಹೇಗೆ?” ಎಂದು ಕೇಳಿದರು.

“ತುಂಬಾ ಒಳ್ಳೆ ಹುಡುಗ,” ಎಂದಳು ಅಕ್ಕ. “ಒಂದೇ ಒಂದು ವಿಷಯ ಮಾತ್ರ...”

ಬೆರಳು ಮೇಲೆ ಹೋಯಿತು. ಅಕ್ಕ ನಿಂತಳು. ಹುಡುಗಿಯ ತಾಯಿಯ ಮುಖ ಬಿಳಿಚಿಕೊಂಡಿತು. ಕುಡಿತವೋ? ಇನ್ನೊಂದು ಸಂಸಾರವೋ? ಅವರು ಗೋಡೆ ಹಿಡಿದುಕೊಂಡರು. ಅಕ್ಕನ ತಲೆಯೊಳಗಿನ ಟ್ರೈಲರ್ ಬಹಳ ಉದ್ದದ್ದು, ಹೋಗುತ್ತಲೇ ಇತ್ತು. ಕೊನೆಗೂ ಬೆರಳು ಕೆಳಗಿಳಿಯಿತು.

“...ಹದಿಮೂರರ ಮಗ್ಗಿ ಕಡೆವರೆಗೂ ಬರ್ಲಿಲ್ಲ.”

ಮದುವೆಯೇನೋ ಆಯಿತು. ಹುಡುಗಿಯ ತಾಯಿ ಮಾತ್ರ ಇಂದಿಗೂ ಅಕ್ಕನನ್ನು ಕಂಡರೆ ಮೊದಲು ಕುಳಿತುಕೊಳ್ಳಲು ಕುರ್ಚಿ ಹುಡುಕುತ್ತಾರೆ.

ಬಸ್ಸಿನಲ್ಲಿ ಅವಳ ಜೊತೆ ಹೋಗುವುದೆಂದರೆ ಇನ್ನೊಂದು ಪುರಾಣ. ಒಮ್ಮೆ ಇಬ್ಬರೂ ಕಾಪುವಿನಿಂದ ಉಡುಪಿಗೆ ಬರುತ್ತಿದ್ದೆವು. ಬಸ್ಸಿನ ತುಂಬ ಕಾಲೇಜು ಮಕ್ಕಳು, ಗಲಾಟೆಯೋ ಗಲಾಟೆ. ಅಕ್ಕ ಒಂದು ಚಪ್ಪಾಳೆ ತಟ್ಟಿ “ಮಾತು ಸಾಕು!” ಎಂದಳು. ಅಷ್ಟೇ. ಮಕ್ಕಳು ಬಾಯಿ ಮುಚ್ಚಿದರು, ಮುಂದೆ ಕೂತ ಯಾರೋ ಅಜ್ಜ ಕೈಕಟ್ಟಿಕೊಂಡರು, ಡ್ರೈವರ್ ಹಾರ್ನ್ ಹೊಡೆಯುವುದನ್ನೇ ನಿಲ್ಲಿಸಿದ. ಟಿಕೆಟ್ ಕೊಡಲು ಬಂದ ಕಂಡಕ್ಟರು ಅಕ್ಕನ ಹಳೆಯ ವಿದ್ಯಾರ್ಥಿ. ದಪ್ಪ ಮೀಸೆ, ಎರಡು ಮಕ್ಕಳ ತಂದೆ. ಅಕ್ಕ ಅವನ ಕೆನ್ನೆಯನ್ನೇ ನೋಡಿದಳು.

“ಬಾಯಲ್ಲಿ ಎಂತ ಉಂಟು?”

ಅವನು ಏನೂ ಇಲ್ಲವೆಂದು ತಲೆಯಾಡಿಸಿದ.

“ಬಾಯಿ ತೆಗಿ.”

ಸ್ಟಾಪೇ ಇಲ್ಲದ ಜಾಗದಲ್ಲಿ ಬಸ್ಸು ನಿಂತಿತು. ಕಂಡಕ್ಟರು ಇಳಿದು, ಉಗಿದು, ಡ್ರೈವರನ ಬಾಟಲಿಯ ನೀರಿನಲ್ಲಿ ಬಾಯಿ ತೊಳೆದುಕೊಂಡು ಬಂದು ನಮಗೆ ಟಿಕೆಟ್ ಕೊಟ್ಟ. ಅಷ್ಟು ಹೊತ್ತು ಇಡೀ ಬಸ್ಸು ಕಾದು ಕೂತಿತು, ಒಬ್ಬರೂ ಗೊಣಗಲಿಲ್ಲ. ನನಗೆ ಮಾತ್ರ ಸೀಟಿನ ಕೆಳಗೆ ತೂರಿಕೊಳ್ಳುವಷ್ಟು ನಾಚಿಕೆ.

ಭಾವನ ಪರಿಚಯ ಮಾಡಿಕೊಡದೆ ಇದ್ದರೆ ತಪ್ಪಾಗುತ್ತದೆ. ಕಾಪು ಪೇಟೆಯಲ್ಲಿ ಅವರದು ಮಿಕ್ಸಿ, ಫ್ಯಾನು ರಿಪೇರಿಯ ಸಣ್ಣ ಅಂಗಡಿ. ಮಾತು ಬಹಳ ಕಡಿಮೆ. ಕಡಿಮೆ ಏನು, ಅವರ ಪಾಲಿನ ಮಾತನ್ನೂ ಅಕ್ಕನೇ ಆಡಿ ಮುಗಿಸುತ್ತಿದ್ದಳು. ಸಾಮಾನು ತರಲು ಕಳಿಸುವಾಗ ಅಕ್ಕನದು ಒಂದೇ ಪದ್ಧತಿ: “ಎಂತ ಹೇಳಿದೆ ನಾನು? ತಿರುಗಿ ಹೇಳಿ.” ಭಾವ ಬಾಗಿಲಲ್ಲಿ ಚೀಲ ಹಿಡಿದು ನಿಂತು, “ಹರಿವೆ ಸೊಪ್ಪು ಒಂದು ಕಟ್ಟು. ಬಂಗುಡೆ ಮೀನಿನ ಕಣ್ಣು ಕೆಂಪಾಗಿದ್ರೆ ಬೇಡ,” ಎಂದು ಒಪ್ಪಿಸಿ ಹೊರಡಬೇಕು. ಒಪ್ಪಿಸುವಾಗ ತಪ್ಪಿದರೆ ಮತ್ತೆ ಮೊದಲಿಂದ!

ನಗುವುದಕ್ಕೆ ಇದೆಲ್ಲ ಚೆಂದ. ನಾವೂ ವರ್ಷಗಟ್ಟಲೆ ನಕ್ಕೆವು. ಆ ಬೊಬ್ಬೆಯ ಅಡಿಯಲ್ಲಿ ಅಕ್ಕ ಸುಸ್ತಾಗುತ್ತಿದ್ದಾಳೆಂದು ನಮಗೆ ಗೊತ್ತಾದದ್ದು ತಡವಾಗಿ.

ಮೊದಲೆಲ್ಲ ಸಂಜೆ ಫೋನ್ ಮಾಡಿದರೆ ಯಾವ ಮಗು ಏನು ಹೇಳಿತು ಎಂದು ಹೇಳುತ್ತಿದ್ದಳು. ಬರಬರುತ್ತಾ ಮಕ್ಕಳ ಸುದ್ದಿ ನಿಂತು ಬರೀ ಆ್ಯಪುಗಳ ಸುದ್ದಿ ಆಯಿತು. ಎಷ್ಟು ಮಕ್ಕಳು ಬಂದರು ಎಂದು ಒಂದು ಆ್ಯಪಿನಲ್ಲಿ ಹಾಕಬೇಕು. ಎಷ್ಟು ಮಂದಿ ಮೊಟ್ಟೆ ತಿಂದರು ಎಂದು ಇನ್ನೊಂದರಲ್ಲಿ. ಮೊಟ್ಟೆ ಬೇಡವೆಂದವರು ಬಾಳೆಹಣ್ಣು ತಿಂದರೋ ಚಿಕ್ಕಿ ತಿಂದರೋ, ಅದೂ ಸರ್ಕಾರಕ್ಕೆ ಅಂದೇ ಗೊತ್ತಾಗಬೇಕು! ನೆಟ್‌ವರ್ಕ್ ಸಿಗದಿದ್ದರೆ ಮೊಬೈಲನ್ನು ಎತ್ತಿ ಹಿಡಿದುಕೊಂಡು ಕಡಲ ಕಡೆಗೆ ನಡೆಯಬೇಕು. ಅದು ಮುಗಿಯಿತೆನ್ನುವಷ್ಟರಲ್ಲಿ ಮತದಾರರ ಪಟ್ಟಿ, ಅದರ ಹಿಂದೆ ಮನೆ ಮನೆ ಸಮೀಕ್ಷೆ, ಅದರ ಹಿಂದೆ ತರಬೇತಿ. “ಪಾಠ ಮಾಡುದು ಈಗ ನಮ್ಗೆ ಪಾರ್ಟ್ ಟೈಮ್ ಕೆಲ್ಸ ಮಾರಾಯ್ತಿ,” ಎನ್ನುತ್ತಿದ್ದಳು.

ಮೇ ತಿಂಗಳು ಬಂತೆಂದರೆ ಮಕ್ಕಳನ್ನು ಹುಡುಕಿಕೊಂಡು ಮನೆ ಮನೆಗೆ ಹೋಗುವುದು ಬೇರೆ. ಇಂಗ್ಲಿಷ್ ಮೀಡಿಯಂ ಶಾಲೆಗಳ ಹಳದಿ ವ್ಯಾನುಗಳು ಅಕ್ಕನ ಶಾಲೆಯ ಗೇಟಿನ ಎದುರೇ ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತವೆ. ನಾನು ವಿಮೆ ಏಜೆಂಟು, ನನಗೂ ಬೇಕಾದದ್ದು ಮನೆ ಬಾಗಿಲೇ. ಒಂದು ವರ್ಷ ಇಬ್ಬರೂ ಜೊತೆಯಾಗಿ ಹೆಜಮಾಡಿಯ ಕಡೆ ಹೊರಟೆವು. ನನ್ನ ಕೈಯಲ್ಲಿ ಪಾಲಿಸಿ, ಅವಳ ಕೈಯಲ್ಲಿ ದಾಖಲಾತಿ ಅರ್ಜಿ. ದೂರದಿಂದ ನಮ್ಮಿಬ್ಬರನ್ನು ಕಂಡವರೆಲ್ಲ ಬಾಗಿಲು ಹಾಕಿಕೊಂಡರು. ಒಬ್ಬರು ಗೇಟಿನವರೆಗೆ ಬಂದು, “ನಮ್ಗೆ ಜೀವಕ್ಕೆ ಅಪಾಯ ಇಲ್ಲ, ಮಕ್ಕಳೂ ಇಲ್ಲ,” ಎಂದು ಒಂದೇ ಉಸಿರಿಗೆ ಇಬ್ಬರನ್ನೂ ಸಾಗಹಾಕಿದರು. ಆ ದಿನ ನನಗೆ ಒಂದು ಪಾಲಿಸಿಯೂ ಸಿಗಲಿಲ್ಲ. ಅಕ್ಕನಿಗೆ ಒಂದು ಮಗು ಸಿಕ್ಕಿತು. ಅಲ್ಲೇ ಪಕ್ಕದಲ್ಲಿ ಹೊಸ ಮನೆಯ ಗೋಡೆ ಕಟ್ಟುತ್ತಿದ್ದ ಬಾಗಲಕೋಟೆಯವರ ಮಗಳು, ಯಲ್ಲವ್ವ. ಮರಳಿನ ರಾಶಿಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದಳು. ಅಕ್ಕ ಅವಳ ಅಪ್ಪನ ಹತ್ತಿರ ಹೋಗಿ ಅಲ್ಲೇ ನಾಲ್ಕನೆಯ ತರಗತಿಗೆ ಅರ್ಜಿ ತುಂಬಿಸಿದಳು. ಬರುವಾಗ, ಕಾಪು ಹತ್ತಿರವಾದಾಗ ಇದ್ದಕ್ಕಿದ್ದಂತೆ, “ಶಾಲೆಯ ಗೇಟ್ ಕಂಡ್ರೆ ನಂಗೆ ಅಲ್ಲಿಂದ್ಲೇ ತಿರುಗಿ ಹೋಗುವ ಅನಿಸ್ತದೆ. ಸಾಕಾಯ್ತು ನಂಗೆ,” ಎಂದಳು.

ಅದೇ ವರ್ಷ ದನಿ ಒಡೆಯಿತು. ಮೊದಮೊದಲು ಸಂಜೆಗೆ ಮಾತ್ರ ಕರಕರ, ಆಮೇಲೆ ಮಧ್ಯಾಹ್ನಕ್ಕೇ. ಕಾಳುಮೆಣಸಿನ ಕಷಾಯ ಆಯಿತು, ಜ್ಯೇಷ್ಠಮಧು ಆಯಿತು, ಶುಂಠಿ ಕಲ್ಲುಸಕ್ಕರೆ ಆಯಿತು. ಅವಳ ಕೈಚೀಲ ತೆರೆದರೆ ಗ್ರಂಧಿಗೆ ಅಂಗಡಿಯ ವಾಸನೆ! ಕೊನೆಗೆ ನಾನೂ ಭಾವನೂ ಸೇರಿ ಅವಳನ್ನು ಮಣಿಪಾಲದ ಆಸ್ಪತ್ರೆಗೆ ಎಳೆದುಕೊಂಡು ಹೋದೆವು. ಒಳಗೆ ಕಾಲಿಟ್ಟ ಕೂಡಲೇ ಡಾಕ್ಟರು, ಎಳೆಯ ವಯಸ್ಸಿನ ಹುಡುಗಿ, “ಟೀಚರಲ್ವಾ ನೀವು?” ಎಂದು ಕೇಳಿದಳು.

“ಹೇಗೆ ಗೊತ್ತಾಯ್ತು?” ಎಂದಳು ಅಕ್ಕ, ಹರಿದ ದನಿಯಲ್ಲಿ.

“ಹೊರಗೆ ಪೇಷೆಂಟ್ಸನ್ನೆಲ್ಲ ನೀವು ಸಾಲಾಗಿ ಕೂರಿಸಿದ್ದು ಕೇಳಿಸ್ತು.”

ಗಂಟಲಿಗೆ ಕ್ಯಾಮರಾ ಇಳಿಸಿ ಪರದೆಯ ಮೇಲೆ ತೋರಿಸಿದಳು. ದನಿ ಹೊರಡುವ ಜಾಗದಲ್ಲಿ ಅಕ್ಕಿಕಾಳಿನಷ್ಟು ಎರಡು ಗಂಟುಗಳು. ಕೂಗಿ ಕೂಗಿ ಆದವು. ಹಾಡುವವರಿಗೂ ಹೀಗೆ ಆಗುತ್ತದಂತೆ. ಅವರಿಗಾದರೆ ಚಪ್ಪಾಳೆಯಾದರೂ ಸಿಕ್ಕಿರುತ್ತದೆ! “ಒಂದು ತಿಂಗಳು ಬಾಯಿ ಬಿಡ್ಲೇ ಬಾರ್ದು. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದು. ಆಮೇಲೆ ನೋಡುವ. ಆದ್ರೆ ಮೇಡಂ, ಪುನಃ ಹೀಗೇ ಕೂಗಿದ್ರೆ ಇದ್ದ ದನಿಯೂ ಹೋಗ್ತದೆ,” ಎಂದಳು. ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಡಾಕ್ಟರು ತೋರುಬೆರಳು ಎತ್ತಿದಳು. ಅಕ್ಕ ಬಾಯಿ ಮುಚ್ಚಿದಳು. ಭಾವ ಡಾಕ್ಟರಿಗೆ ಎರಡೂ ಕೈ ಎತ್ತಿ ಮುಗಿದರು.

ಮನೆಯಲ್ಲಿ ಒಂದು ಸ್ಲೇಟು ಬಂತು. ಅಕ್ಕ ಅದರಲ್ಲಿ ಬರೆಯುವುದು, ಭಾವ ಓದುವುದು. ಸ್ಲೇಟಿನಲ್ಲಿಯೂ ಕೊನೆಗೊಂದು ಗೆರೆ ಎಳೆದು “ತಿರುಗಿ ಹೇಳಿ” ಎಂದು ಬರೆಯುವುದನ್ನು ಅವಳು ಬಿಡಲಿಲ್ಲ. ಮೊದಲ ವಾರ ಭಾವನ ಮುಖದಲ್ಲಿ ಮದುಮಗನ ಕಳೆ ಇತ್ತು. ಎರಡನೆಯ ವಾರ ಒಂದು ಸಂಜೆ ಅಂಗಡಿಗೆ ಬೀಗ ಹಾಕಿ ನೇರವಾಗಿ ಉಡುಪಿಗೆ, ನನ್ನ ಮನೆಗೇ ಬಂದರು.

“ಎಂತಾಯ್ತು ಭಾವ?”

“ಫ್ರಿಜ್ಜಿನ ಶಬ್ದ ಕೇಳ್ತದೆ,” ಎಂದರು. “ಇಷ್ಟು ವರ್ಷ ಆಯ್ತು, ನಮ್ಮ ಫ್ರಿಜ್ಜಿಗೆ ಶಬ್ದ ಉಂಟೂಂತ ನಂಗೆ ಗೊತ್ತೇ ಇರ್ಲಿಲ್ಲ. ಮನೆಯಲ್ಲಿ ಕೂತ್ಕೊಳ್ಲಿಕ್ಕೆ ಆಗುದಿಲ್ಲ.”

ಅವರ ಬಾಯಿಂದ ನಾನು ಒಮ್ಮೆಲೇ ಕೇಳಿದ ಅತಿ ಉದ್ದದ ಮಾತು ಅದು.

ಆ ತಿಂಗಳಲ್ಲೇ ಒಂದು ದಿನ ಅಕ್ಕ ಸ್ಲೇಟಿನಲ್ಲಿ ಬರೆದಳು: “ಕೆಲಸ ಬಿಡುತ್ತೇನೆ.” ಭಾವ ಒಪ್ಪಿದರು. ನಾನೂ ಒಪ್ಪಿದೆ. ಇಷ್ಟು ವರ್ಷ ದುಡಿದದ್ದು ಸಾಕು, ಗಂಟಲಾದರೂ ಉಳಿಯಲಿ ಎಂದೇ ನಮ್ಮ ಆಸೆ. ಸ್ವಯಂ ನಿವೃತ್ತಿಗೆ ಅರ್ಜಿ ಹೋಯಿತು. ಗಂಟಲಿನ ಕಾರಣದಿಂದ ಪಾಠ ಮಾಡಲು ಸಾಧ್ಯವಿಲ್ಲ ಎಂದು ಬರೆದು, ಮಣಿಪಾಲದ ಸರ್ಟಿಫಿಕೇಟನ್ನು ಜೊತೆಗಿಟ್ಟಳು. ಅರ್ಜಿ ಕೊಟ್ಟ ಮೇಲೂ ಮೂರು ತಿಂಗಳು ಕೆಲಸದಲ್ಲಿ ಇರಬೇಕಿತ್ತು. ಗಂಟಲಿಗೆಂದು ಹಾಕಿದ ರಜೆ ಮುಗಿಯಿತು, ಆದರೆ ಮಾತಾಡಲು ಡಾಕ್ಟರು ಇನ್ನೂ ಬಿಡಲಿಲ್ಲ. ಬದಲಿ ಟೀಚರು ಬರಲಿಲ್ಲ. ಹೆಡ್‌ಮಾಸ್ಟರು ಫೋನ್ ಮಾಡಿ, “ನೀವು ಬಂದು ಸುಮ್ನೆ ಕೂತ್ರೂ ಸಾಕು ಟೀಚರ್. ಮಕ್ಕಳು ನಿಮ್ಮನ್ನು ನೋಡಿಯೇ ಹೆದರ್ತಾರೆ,” ಎಂದರು. ಹೊಗಳಿಕೆಯೆಂದೇ ಹೇಳಿದ್ದು, ಪಾಪ.

ಹಾಗೆ ಅಕ್ಕ ಮೂಕಿಯಾಗಿ ಶಾಲೆಗೆ ಹೋದಳು. ಕರಿಹಲಗೆಯ ಮೇಲೆ, “ನನಗೆ ಮಾತಾಡಲು ಆಗುವುದಿಲ್ಲ. ನನ್ನ ಬದಲು ಯಾರು ಮಾತಾಡುತ್ತೀರಿ?” ಎಂದು ಬರೆದಳಂತೆ. ಒಂದು ಕೈಯೂ ಕೆಳಗಿರಲಿಲ್ಲವಂತೆ! ಅಂದಿನಿಂದ ದಿನಕ್ಕೊಂದು ಮಗು ಟೀಚರ ಬಾಯಿ. ಅಕ್ಕ ಸ್ಲೇಟಿನಲ್ಲಿ ಬರೆದದ್ದನ್ನು ಆ ಮಗು ಓದಿ, ತನಗೆ ತಿಳಿದ ಹಾಗೆ ಉಳಿದವರಿಗೆ ವಿವರಿಸಬೇಕು. ಮಗುವಿನ ದನಿ ಲಾರಿಯ ಎದುರು ನಿಲ್ಲುತ್ತದೆಯೇ? ಇಲ್ಲ. ಅದಕ್ಕೆ ಮಕ್ಕಳೇ ಒಂದು ದಾರಿ ಕಂಡುಕೊಂಡವು. ಕಿಟಕಿಯ ಬಳಿಯಿದ್ದ ಬೆಂಚುಗಳನ್ನು ಬಿಟ್ಟು, ರಸ್ತೆಗೆ ಬೆನ್ನು ಹಾಕಿ, ಒಳಗೋಡೆಯ ಹತ್ತಿರ ನೆಲದ ಮೇಲೆ ಒತ್ತೊತ್ತಾಗಿ ಸುತ್ತ ಕೂತವು. ಹತ್ತಿರ ಕೂತರೆ ಮೆಲ್ಲಗೆ ಹೇಳಿದರೂ ಕೇಳಿಸುತ್ತದೆ. ಇಷ್ಟು ವರ್ಷ ಇದು ಅಕ್ಕನಿಗೆ ಹೊಳೆದಿರಲಿಲ್ಲ.

ನಾನು ಅವಳ ಮನೆಗೆ ಬಂದಿದ್ದಾಗ ಒಂದು ದಿನ, ಅವಳು ಮರೆತುಹೋದ ಮಾತ್ರೆ ಕೊಡಲು ಶಾಲೆಗೆ ಹೋದೆ. ಅಂದು ಟೀಚರ ಬಾಯಿ ಝುಲೈಕಾ. ಐದನೆಯ ತರಗತಿ, ಮನೆಯಲ್ಲಿ ಬ್ಯಾರಿ ಮಾತು, ಶಾಲೆಯಲ್ಲಿ ನಮ್ಮ ಅಕ್ಕನ ಗರಡಿಯ ಕನ್ನಡ. ಅಕ್ಕ ಸ್ಲೇಟಿನಲ್ಲಿ ಭಿನ್ನರಾಶಿ ಬರೆದು ಕೊಟ್ಟಳು. ಝುಲೈಕಾ ಎದ್ದು ನಿಂತು, ಸೊಂಟಕ್ಕೆ ಕೈಯಿಟ್ಟು, “ಎಲ್ಲರೂ ಇಲ್ಲಿ ನೋಡತಕ್ಕದ್ದು! ಒಂದು ರೊಟ್ಟಿಯನ್ನು ನಾಲ್ಕು ಭಾಗ ಮಾಡಿದರೆ...” ಎಂದು ಬೆರಳೆತ್ತಿ ನಿಂತುಬಿಟ್ಟಳು. ಥೇಟ್ ನಮ್ಮ ಅಕ್ಕ! ಟ್ರೈಲರ್ ಹೋಗುವಷ್ಟು ಹೊತ್ತು ನಿಂತು, “...ಒಂದು ಭಾಗಕ್ಕೆ ಎಂತ ಹೇಳ್ತೇವೆ? ಅರ್ಥ ಆಯ್ತಾ? ತಿರುಗಿ ಹೇಳಿ!” ಮಕ್ಕಳು ಬಿದ್ದು ಬಿದ್ದು ನಕ್ಕವು. ಬಾಗಿಲಲ್ಲಿ ನಿಂತ ನನಗೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಅಕ್ಕ ದನಿಯಿಲ್ಲದೆ ಮೈಯೆಲ್ಲ ಅಲುಗಿಸಿ ನಗುತ್ತಿದ್ದಳು.

ಝುಲೈಕಾ ಪಾಠ ಮುಗಿಸಿದಳು. ಆಮೇಲೆ ಟೀಚರ ಕುರ್ಚಿಯ ಮೇಲೆ ದೊಪ್ಪನೆ ಕೂತು, ಹಣೆಗೆ ಕೈ ಹಚ್ಚಿ, “ಅಯ್ಯೋ ದೇವರೇ, ನನ್ನನ್ನು ಒಮ್ಮೆ ಇಲ್ಲಿಂದ ಬಿಡಿಸು. ನಿಮ್ಮ ಮುಖ ನೋಡಿ ನೋಡಿ ಸಾಕಾಯ್ತು ನಂಗೆ,” ಎಂದಳು.

ಅದನ್ನೂ ಅವಳು ಪಾಠದ ಭಾಗವೆಂದೇ ತಿಳಿದಿದ್ದಳು. ಮಕ್ಕಳು ಅದಕ್ಕೂ ನಕ್ಕವು. ದಿನಾ ಕೇಳಿದ ಮಾತು, ಅವರಿಗೆ ಅದರಲ್ಲಿ ನೋವೇನೂ ಇದ್ದಂತಿರಲಿಲ್ಲ. ಅಕ್ಕನ ನಗು ಮಾತ್ರ ನಿಂತಿತು.

ಮನೆಗೆ ಬಂದವಳು ಚಹಾ ಕುಡಿಯಲಿಲ್ಲ. ಸ್ಲೇಟು ತೆಗೆದುಕೊಂಡು ಭಾವನ ಮುಂದೆ ಹಿಡಿದಳು: “ನಾನು ಹಾಗೆ ಹೇಳುತ್ತಿದ್ದೆನಾ? ದಿನಾ?”

ಭಾವ ಸ್ವಲ್ಪ ಯೋಚಿಸಿದರು. “ಮನೆಯಲ್ಲಿ ಕೂಡ,” ಎಂದರು.

ಅವಳ ಕಣ್ಣಲ್ಲಿ ನೀರು ಬಂತು. ನಾನು ಭಾವನನ್ನು ದುರುಗುಟ್ಟಿ ನೋಡಿದೆ. ಇಷ್ಟು ವರ್ಷ ಬಾಯಿ ಬಿಡದ ಮನುಷ್ಯ, ಸತ್ಯ ಹೇಳಲು ಇದೇ ದಿನ ಬೇಕಿತ್ತೇ?

ಅಷ್ಟಕ್ಕೇ ಮುಗಿಯಲಿಲ್ಲ. ಆ ಮರುವಾರ ಯಲ್ಲವ್ವನ ಸರದಿ ಬಂತು. ಶಾಲೆಗೆ ಸೇರಿದ ದಿನದಿಂದ ಆ ಹುಡುಗಿ ಬಾಯಿ ತೆರೆದವಳೇ ಅಲ್ಲ. ಅವಳ ಕನ್ನಡಕ್ಕೆ ಮಕ್ಕಳು ಒಮ್ಮೆ ನಕ್ಕಿದ್ದರು, ಆಮೇಲೆ ಅವಳು ಹಿಂದಿನ ಬೆಂಚಿಗೆ ಹೋಗಿ ಕೂತಿದ್ದಳು. ಓದಲು ಬರುವುದಿಲ್ಲವೆಂದು ಅಕ್ಕ ಅವಳನ್ನು ಹಿಂದುಳಿದ ಮಕ್ಕಳ ಸಾಲಿಗೆ ಸೇರಿಸಿ, ಅದನ್ನೂ ಒಂದು ಆ್ಯಪಿಗೆ ಹಾಕಿದ್ದಳು. ಆ ದಿನ ಯಲ್ಲವ್ವ ಅಕ್ಕನ ಪಕ್ಕ ನಿಂತು ಸ್ಲೇಟು ನೋಡಿ ತಡವರಿಸದೆ ಓದಿದಳಂತೆ. ಮಳೆ ಹೇಗೆ ಆಗುತ್ತದೆ ಎಂಬ ಪಾಠ. ಓದಿ ಮುಗಿಸಿ, ಗದ್ದಲ ಮಾಡುತ್ತಿದ್ದವರ ಕಡೆ ತಿರುಗಿ, “ಏ, ಸುಮ್ಮ ಕುಂದರ್ರಿ! ಟೀಚರ್ಗೆ ಆರಾಮಿಲ್ಲ, ತಿಳಿಯಂಗಿಲ್ಲೇನ ನಿಮಗ?” ಎಂದಳಂತೆ. ಇಡೀ ತರಗತಿ ಗಪ್‌ಚಿಪ್. ಆಮೇಲೆ ತಮ್ಮೂರಲ್ಲಿ ಮಳೆ ಬಾರದಿದ್ದರೆ ಏನು ಮಾಡುತ್ತಾರೆ, ಇಲ್ಲಿಯ ಮಳೆ ನೋಡಿ ತನ್ನ ಅವ್ವ ಮೊದಲ ದಿನ ಹೇಗೆ ಹೆದರಿದಳು ಎಂದೆಲ್ಲ ಹೇಳಿದಳು. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ.

ಅಷ್ಟರಲ್ಲಿ ಮಣಿಪಾಲದಲ್ಲಿ ಅಕ್ಕನಿಗೆ ದಿನಕ್ಕೆ ಸ್ವಲ್ಪವೇ ಸ್ವಲ್ಪ ಮಾತಾಡಲು ಅನುಮತಿ ಸಿಕ್ಕಿತ್ತು. ಎದುರು ಕೂತವರಿಗೆ ಮಾತ್ರ ಕೇಳಿಸುವಷ್ಟು. ಅದಕ್ಕೆ ಅಭ್ಯಾಸವೆಂದು ಲೋಟದ ನೀರಿನಲ್ಲಿ ಸ್ಟ್ರಾ ಇಟ್ಟು ಗುಳುಗುಳು ಗುಳ್ಳೆ ಊದಬೇಕು. ಐವತ್ತು ದಾಟಿದ ಹೆಂಗಸು, ಜಗಲಿಯಲ್ಲಿ ಕೂತು ಗುಳ್ಳೆ ಊದುವುದು! ಆ ಸಂಜೆ ಗುಳ್ಳೆ ಊದಿ ಮುಗಿಸಿ, ಆ ದಿನದ ಪಾಲಿನ ಮಾತನ್ನೆಲ್ಲ ನನಗೇ ಕೊಟ್ಟಳು. “ಇಷ್ಟು ವರ್ಷ ನಾನೇ ಮಾತಾಡ್ತಾ ಇದ್ದೆ ಮಾರಾಯ್ತಿ. ಮಕ್ಕಳು ಮಾತಾಡುದು ನಂಗೆ ಕೇಳಿಸ್ಲೇ ಇಲ್ಲ. ಇನ್ನೆಷ್ಟು ಯಲ್ಲವ್ವಂದಿರು ಹಿಂದಿನ ಬೆಂಚಲ್ಲೇ ಕೂತು ಹೋದ್ರೋ!” ಸ್ಟ್ರಾವನ್ನು ಲೋಟದಿಂದ ತೆಗೆದಿಟ್ಟು, “ನಂಗೆ ಬಿಡ್ಲಿಕ್ಕೆ ಮನಸ್ಸಿಲ್ಲ,” ಎಂದಳು.

ಮರುದಿನವೇ ಇಬ್ಬರೂ ಶಿಕ್ಷಣ ಇಲಾಖೆಯ ಕಚೇರಿಗೆ ಓಡಿದೆವು, ಅರ್ಜಿ ವಾಪಸು ಪಡೆಯಲು. ಅಕ್ಕನಿಗೆ ಮಾತಾಡಲಾಗದು, ಆದ್ದರಿಂದ ಅವಳ ಬಾಯಿ ನಾನು. ಸಾಯುವ ಯೋಚನೆಯೇ ಇಲ್ಲದವರಿಗೂ ಪಾಲಿಸಿ ಮಾರಿದ ನಾಲಿಗೆ ನನ್ನದು! ಇದ್ದಬದ್ದ ವಿದ್ಯೆಯನ್ನೆಲ್ಲ ಅಲ್ಲಿ ಖರ್ಚುಮಾಡಿದೆ. ಗುಮಾಸ್ತರು ಒಳ್ಳೆಯವರೇ. ಫೈಲು ತೆಗೆದು ನೋಡಿ ನಿಟ್ಟುಸಿರು ಬಿಟ್ಟರು.

“ಆದೇಶ ಆಗಿ ಬಂದಿದೆ ಮೇಡಂ. ನಿಮ್ಮ ಜಾಗ ಖಾಲಿ ಅಂತ ಮೇಲಕ್ಕೂ ಹೋಗಿದೆ. ಪಾಠ ಮಾಡ್ಲಿಕ್ಕೆ ಆಗುದಿಲ್ಲ ಅಂತ ನೀವೇ ಬರ್ದದ್ದು, ಡಾಕ್ಟ್ರ ಸರ್ಟಿಫಿಕೇಟೂ ಉಂಟು. ಈಗ ಆಗ್ತದೆ ಅಂತ ಹೇಗೆ ಹೇಳುದು?”

ನಾನು ಅಕ್ಕನ ಮುಖ ನೋಡಿದೆ. ಆಗುತ್ತದೆ ಎಂದು ಅವಳೇ ಹೇಳಬೇಕಿತ್ತು. ಅವಳು ಬಾಯಿ ತೆರೆದಳು. ಫ್ಯಾನಿನ ಸದ್ದಿಗೆ, ಹಿಂದೆ ಸಾಲಲ್ಲಿ ನಿಂತವರ ಮಾತಿಗೆ, ಮೇಜಿನಾಚೆ ಕೂತ ಅವರಿಗೆ ಏನೂ ಕೇಳಿಸಲಿಲ್ಲ. “ಎಂತ ಹೇಳಿದ್ರಿ ಮೇಡಂ?” ಎಂದು ಅವರು ಕಿವಿ ಮುಂದೆ ತಂದರು. ಅಕ್ಕ ಏನಿಲ್ಲವೆಂದು ಕೈಯಾಡಿಸಿ ಹೊರಗೆ ನಡೆದಳು. ಮೆಟ್ಟಿಲ ಮೇಲೆ ನಾನು ಅತ್ತುಬಿಟ್ಟೆ. ಅವಳೇ ನನ್ನ ಬೆನ್ನು ಸವರಿದಳು.

ದಸರಾ ರಜೆಗೆ ಮುಂಚಿನ ದಿನ ಅಕ್ಕನ ಕೊನೆಯ ದಿನ. ನಾನೂ ಭಾವನೂ ಹೋಗಿದ್ದೆವು. ಶಾಲು, ಹಣ್ಣಿನ ಬುಟ್ಟಿ, ಫೋಟೋ ಎಲ್ಲ ಆಯಿತು. ಹೆಡ್‌ಮಾಸ್ಟರು ಅಕ್ಕನ ಸೇವೆಯನ್ನು ಮಾತಿನಲ್ಲಿ ಹೇಳಲು ಸಾಧ್ಯವೇ ಇಲ್ಲವೆಂದು ಹೇಳುತ್ತಾ ಬಹಳ ಹೊತ್ತು ಮಾತಾಡಿದರು. ಅಕ್ಕನಿಗೆ ಎರಡು ಮಾತು ಹೇಳಿ ಎಂದಾಗ ಅವಳು ಕೈಮುಗಿದು ಕೂತುಬಿಟ್ಟಳು. ನನಗೆ ಸಿಟ್ಟೇ ಬಂತು. ದಿನಕ್ಕೆ ಸ್ವಲ್ಪ ಮಾತು ಆಡಬಹುದಲ್ಲ, ಇಂಥ ದಿನಕ್ಕಲ್ಲದೆ ಇನ್ನು ಯಾವುದಕ್ಕೆ ಇಟ್ಟುಕೊಳ್ಳುವುದು?

ಕಾರ್ಯಕ್ರಮ ಮುಗಿದು ಬಂದವರೆಲ್ಲ ಚಹಾ ಕುಡಿಯಲು ಹೋದಾಗ ಅಕ್ಕ ತನ್ನ ತರಗತಿಗೆ ಹೋದಳು. ಮಕ್ಕಳು ಸುತ್ತ ಕೂತವು. ನಾವಿಬ್ಬರು ಕಿಟಕಿಯ ಬಳಿ ನಿಂತೆವು. ಅಕ್ಕ ನೆಲದ ಮೇಲೆ ಕೂತು ಹಾಜರಿ ಕರೆಯತೊಡಗಿದಳು. ಈಚಿನ ವರ್ಷಗಳಲ್ಲಿ ಅವಳು ಹಾಜರಿ ಕರೆಯುತ್ತಿದ್ದುದು ನಂಬರಿನಲ್ಲಿ, ಮೊಬೈಲಿನಿಂದ ತಲೆಯೆತ್ತದೆ. ಬೇಗ ಮುಗಿಯಬೇಕಲ್ಲ. ಆ ದಿನ ಕೈಯಲ್ಲಿ ಮೊಬೈಲೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಒಂದೊಂದು ಮಗುವಿನ ಮುಖ ನೋಡಿ ಒಂದೊಂದು ಹೆಸರು ಹೇಳಿದಳು. ಬೆಳಗಿನಿಂದ ಉಳಿಸಿಟ್ಟ ದನಿಯೆಲ್ಲ ಇದಕ್ಕೇ ಎಂದು ನನಗೆ ಆಗ ತಿಳಿಯಿತು. “ಹಾಜರ್ ಟೀಚರ್,” ಎನ್ನುತ್ತಿದ್ದವು ಮಕ್ಕಳು, ಅವಳಷ್ಟೇ ಮೆಲ್ಲಗೆ. ಯಲ್ಲವ್ವನ ಹೆಸರು ಬಂದಾಗ ಅವಳು, “ಹಾಜರ್ ಅದೀನ್ರಿ ಟೀಚರ್,” ಎಂದು ಅಳಲು ಶುರುಮಾಡಿದಳು. ಅಕ್ಕ ಅವಳ ತಲೆಯ ಮೇಲೆ ಕೈಯಿಟ್ಟುಕೊಂಡೇ ಉಳಿದ ಹೆಸರುಗಳನ್ನು ಹೇಳಿ ಮುಗಿಸಿದಳು.

ಎಲ್ಲರದೂ ಆಯಿತು. ಯಾರೂ ಏಳಲಿಲ್ಲ. ಆಗ ಝುಲೈಕಾ ಎದ್ದು ನಿಂತಳು. ಎಲ್ಲಿಂದ ತಿಳಿದುಕೊಂಡಿದ್ದಳೋ, ಅಕ್ಕನ ಪೂರ್ತಿ ಹೆಸರನ್ನು ಹಾಜರಿ ಕರೆಯುವ ರಾಗದಲ್ಲಿಯೇ ಕರೆದಳು. ಆ ಶಾಲೆಯಲ್ಲಿ ಅಕ್ಕನ ಹೆಸರನ್ನು ಯಾರೂ ಕರೆದದ್ದಿಲ್ಲ. ಹೆಡ್‌ಮಾಸ್ಟರಿಗೂ ಅವಳು ಬರೀ ಟೀಚರು. ಅಕ್ಕ ಒಂದು ಕ್ಷಣ ಝುಲೈಕಾಳನ್ನೇ ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು, ಮಕ್ಕಳ ಹಾಗೆಯೇ ಕೈಕಟ್ಟಿ ನಿಂತಳು. ಅವಳ ತುಟಿ ಅಲುಗಿತು. “ಹಾಜರ್” ಎಂದಿರಬೇಕು. ಕಿಟಕಿಯ ಬಳಿ ನಿಂತಿದ್ದ ನನಗಾಗಲಿ ಭಾವನಿಗಾಗಲಿ ಅದು ಕೇಳಿಸಲಿಲ್ಲ. ಮಕ್ಕಳಿಗೆ ಕೇಳಿಸಿತು.